ಎಡಗಡೆಯ ಮುಂದಿನ ಸೀಟು

ಬಟ್ಟೆ ಮತ್ತೆ ಕಪ್ಪಗಾಯಿತು, ಎಷ್ಟು ಒರೆಸಿದರೂ ಈ ಕಾರಿನ ಹೊಟ್ಟೆಯೊಳಗೆ ಇಷ್ಟು ಧೂಳು ಎಲ್ಲಿತ್ತೋ, ನಾಳೆ ಇದನ್ನು ಕೊಟ್ಟು ಹೊಸದನ್ನು ಗೊತ್ತು ಮಾಡಿ ಬರಬೇಕು, ಕೊಡುವ ವಸ್ತುವಾದರೂ ಚೊಕ್ಕಟವಾಗಿರಲಿ ಎಂದು ಅವಳೇ ಬಕೆಟ್ಟು ಹಿಡಿದು ಬಂದದ್ದು, ಕೊಂಡವರು ಬಾಗಿಲು ತೆಗೆದು ಎಂಥ ಕೊಳಕು ಜನವಪ್ಪಾ ಅನ್ನಬಾರದಲ್ಲ — ಹಿಂದಿನ ಸೀಟಿನ ಸಂದಿಯಲ್ಲಿ ಒಂದು ಹೇರ್‌ಪಿನ್ನು, ಒಣಗಿದ ಕಿತ್ತಳೆ ಸಿಪ್ಪೆ, ಮಗಳು ಕಳೆದುಕೊಂಡು ಎರಡು ದಿನ ಅತ್ತ ರಬ್ಬರು. ನಡುವಿನ ಜಾಗದಲ್ಲಿ ಮಾತ್ರ ಏನೂ ಸಿಗಲಿಲ್ಲ, ಅಲ್ಲಿ ಕೂರುವವಳು ಅವಳು. ಯಾರೂ ಕೊಟ್ಟದ್ದಲ್ಲ, ನೀರು ತಗ್ಗಿಗೆ ಹರಿದ ಹಾಗೆ ತಾನೇ ಹೋಗಿ ಸೇರಿಕೊಂಡ ಜಾಗ, ಎಡಕ್ಕೆ ಅತ್ತೆ, ಬಲಕ್ಕೆ ಮಗಳು, ಕಾಲಡಿಯಲ್ಲಿ ಒಂಟೆಯ ಡುಬ್ಬದಂತೆ ಎದ್ದ ನೆಲ, ಆಚೆ ಒಂದು ಕಾಲು, ಈಚೆ ಒಂದು ಕಾಲು, ಗುಂಡಿ ಸಿಕ್ಕಾಗಲೆಲ್ಲ ಸೊಂಟದಲ್ಲಿ ಸೂಜಿ ಆಡಿಸಿದ ಹಾಗೆ. ಅಮ್ಮ ಸ್ಯಾಂಡ್‌ವಿಚ್ಚಿನ ಒಳಗಿನ ಸೌತೆಕಾಯಿ ಅನ್ನುತ್ತಾಳೆ ಮಗಳು, ಹೌದಮ್ಮ, ಎರಡೂ ಕಡೆಯಿಂದ ಒತ್ತಿದರೆ ನೀರು ಬಿಡೋದು ಸೌತೆಕಾಯೇ.

ಈ ವಾರದಲ್ಲಿ ಮೂರು ಶೋರೂಮು ಆಯಿತು. ಗಂಡ ದರ್ಜಿಯ ಹಾಗೆ ಟೇಪು ಹಿಡಿದುಕೊಂಡು ಬರುತ್ತಾನೆ, ಮೊಣಕಾಲಿಗೂ ಮುಂದಿನ ಸೀಟಿನ ಬೆನ್ನಿಗೂ ಎಷ್ಟು ಅಂತರ, ತಲೆಗೂ ಸೂರಿಗೂ ಎಷ್ಟು, ಎಲ್ಲರೂ ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ, ಅಳತೆ ಸರಿಯಾಗಿ ಬರಲಿ. ಮೊದಲನೆಯದರಲ್ಲಿ ಸೀಟು ಮೆತ್ತಗಿತ್ತು, ಆದರೆ ಕೂತರೆ ಹಳ್ಳಕ್ಕೆ ಬಿದ್ದ ಹಾಗೆ, ಅತ್ತೆಯನ್ನು ಎಬ್ಬಿಸಲು ಇಬ್ಬರು ಕೈಕೊಡಬೇಕಾಯಿತು. ಎರಡನೆಯದು ಎತ್ತರ ಚೆನ್ನ, ಅಗಲ ಸಾಲದು, ಮಗಳ ಮೊಣಕೈ ಅವಳ ಪಕ್ಕೆಲುಬಿಗೆ. ಮೂರನೆಯದರಲ್ಲಿ ಅತ್ತೆಯ ಬಲಗಾಲು ನೆಟ್ಟಗೆ ಒಳಗೆ ಹೋಗಲಿಲ್ಲ, ಮಂಡಿ ಮಡಚಲೊಲ್ಲದು, ಶೋರೂಮಿನ ಹುಡುಗಿ ನಗುತ್ತಲೇ ಬಗ್ಗಿ, ಅಜ್ಜಿ, ಸ್ವಲ್ಪ ಓರೆಯಾಗಿ ಕೂತ್ಕೊಳ್ಳಿ ಅಂದಳು, ಅತ್ತೆ, ಓರೆ ಕೂತರೆ ನೆಟ್ಟಗಾಗೋಕೆ ಇನ್ನೊಂದು ಜನ್ಮ ಬೇಕಮ್ಮ. ಎಲ್ಲರೂ ನಕ್ಕರು. ಆಮೇಲೆ ದಾರಿಯಲ್ಲಿ ಅತ್ತೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಇನ್ನು ಮೇಲೆ ನನ್ನ ಲೆಕ್ಕ ಬಿಟ್ಟುಬಿಡಪ್ಪ, ನಿಮ್ಮ ಮೂವರಿಗೆ ಯಾವ ಗಾಡಿಯಾದರೂ ಸಾಕು, ನಾನು ಮನೇಲಿರ್ತೀನಿ. ಅದಕ್ಕೆ ಯಾರೂ ನಗಲಿಲ್ಲ. ಗಂಡ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಸೈಜು ದೊಡ್ಡದು ನೋಡೋಣ ಬಿಡು ಅಂದ, ನಮ್ಮ ಗಲ್ಲಿಯಲ್ಲಿ ತಿರುಗಲಾರದ ಗಾಡಿ, ಗೇಟಿನೊಳಗೆ ಹಿಡಿಸದ ಗಾಡಿ, ಆದರೆ ತಾಯಿಯನ್ನು ಬಿಟ್ಟು ಹೋಗುವ ಮಗನಲ್ಲ ಅವನು, ನಾಳೆ ಅದನ್ನೇ ಗೊತ್ತು ಮಾಡಿ ಬರುತ್ತಾನೆ, ಅತ್ತೆಯೂ ಒಂದು ಸಲ ಬರಲ್ಲ ಅಂದರೆ ಅಂದದ್ದೇ, ಗಾಡಿ ಬೀದಿಯಲ್ಲಿ ನಿಲ್ಲುತ್ತದೆ, ಅತ್ತೆ ಕಿಟಕಿಯಲ್ಲಿ ನಿಲ್ಲುತ್ತಾರೆ.

ಮತ್ತೆ ಆ ಚೀಲ. ಮೂರನೆಯ ಕಾರನ್ನು ಒಂದು ಸುತ್ತು ಓಡಿಸಿ ನೋಡುವಾಗ ಟಿಂಟಿಂಟಿಂ ಎಂದು ಏನೋ ಬಡಿದುಕೊಳ್ಳತೊಡಗಿತು, ಗಂಡ ಬೆಲ್ಟು ಹಾಕಿದ್ದಾನೆ, ಬಾಗಿಲೂ ಮುಚ್ಚಿದೆ, ಏನೆಂದು ನೋಡಿದರೆ ಮುಂದಿನ ಸೀಟಿನ ಮೇಲೆ ಅತ್ತೆಯ ಚೀಲ, ನೀರಿನ ಬಾಟಲಿಗಳ ಭಾರಕ್ಕೆ ಕಾರು ಅದನ್ನೊಂದು ಆಳು ಎಂದುಕೊಂಡಿತ್ತು, ಮಗಳು ಹಿಂದಿನಿಂದಲೇ ಬಾಗಿ ಚೀಲಕ್ಕೆ ಬೆಲ್ಟು ಬಿಗಿದಳು, ಸದ್ದು ನಿಂತಿತು, ಹಿಂದೆ ಮೂರು ಜನ ಉಸಿರು ಬಿಗಿಹಿಡಿದು, ಮುಂದೆ ಚೀಲ ಒಂದು ಬೆಲ್ಟು ಹಾಕಿಕೊಂಡು ಹಾಯಾಗಿ, ಯಾರಿಗೂ ಏನೂ ಅನ್ನಿಸಲಿಲ್ಲ, ತನಗೂ ಅನ್ನಿಸಲಿಲ್ಲವಲ್ಲ. ಆ ಹುಡುಗಿ ಮಾತ್ರ ಕೇಳಿದ್ದಳು, ಮುಂದೆ ಯಾರು ಕೂರ್ತಾರೆ ಸರ್, ಗಂಡ ಟೇಪು ಮಡಚುತ್ತ, ಅದು ಅಪ್ಪನ — ಎಂದು ನಿಲ್ಲಿಸಿದ. ಮಾವ ಹೋಗಿ ಒಂದು ವರ್ಷದ ಮೇಲಾಯಿತು. ಅಲ್ಲಿ ಕೂರಬಾರದೆಂದು ಯಾರೂ ಹೇಳಿದ್ದಿಲ್ಲ, ಗಂಡ ಒಮ್ಮೆ, ಅಮ್ಮ, ನೀನು ಮುಂದೆ ಕೂತ್ಕೋ, ಕಾಲು ಚಾಚಬಹುದು ಅಂದಿದ್ದಕ್ಕೆ ಅತ್ತೆ, ಮುಂದೆ ಕೂತರೆ ನನಗೆ ತಲೆ ಸುತ್ತುತ್ತೆ ಅಂದರು, ಅಲ್ಲಿಗೆ ಆ ಮಾತು ಮುಗಿಯಿತು.

ಈಗ ಆ ಮುಂದಿನ ಸೀಟಿನ ಕೆಳಗೆ ಒರೆಸಬೇಕು, ಸೀಟು ಸರಿಸುವ ಸನ್ನೆಗೋಲು ಎತ್ತಿ ಹಿಂದಕ್ಕೆ ತಳ್ಳಿದರೆ ಜಪ್ಪಯ್ಯ ಅನ್ನದು, ಕಂಬಿಯ ಹಿಂಭಾಗದಲ್ಲಿ ಧೂಳು ಗಟ್ಟಿಯಾಗಿ ಮಣ್ಣಾಗಿದೆ, ಎಷ್ಟೋ ವರ್ಷ ಈ ಸೀಟು ಹಿಂದೆ ಸರಿದೇ ಇಲ್ಲ, ಆದರೆ ಮಾವ, ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸುತ್ತಿದ್ದ ಆಳು, ಮಂಚದ ಆಚೆಗೆ ಪಾದ ಚಾಚಿ ಮಲಗುತ್ತಿದ್ದವರು, ಇಷ್ಟು ಮುಂದೆ ಹೇಗೆ ಕೂರುತ್ತಿದ್ದರು. ಮುಂದೆ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತೆ ಕಣಮ್ಮ ಅನ್ನುತ್ತಿದ್ದರು, ಗಂಡ, ಅಪ್ಪ ನಮಗಿಂತ ಒಂದು ಗೇಣು ಮೊದಲೇ ತಲುಪಬೇಕು ಎಂದು ರೇಗಿಸುತ್ತಿದ್ದ — ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಗುರುತು, ರೊಟ್ಟಿ ಲಟ್ಟಿಸುವ ಮಣೆಯ ನಡುಭಾಗದ ಹಾಗೆ ಸವೆದು ಬೆಳ್ಳಗಾದ ಎರಡು ದುಂಡು ಗುರುತು, ಆಗಿನಿಂದ ಅವಳು ಕೊಳೆ ಎಂದುಕೊಂಡು ತಿಕ್ಕುತ್ತಿದ್ದದ್ದು ಇದನ್ನೇ. ಮಂಡಿ. ಮಾವನ ಎರಡು ಮಂಡಿ. ಪ್ರತಿ ಸಲ ಗಾಡಿ ಹೊರಡುವ ಮೊದಲು ತಿರುಗದೆಯೇ ಕೇಳುತ್ತಿದ್ದರು, ಸಾಕಾ, ಅವರ ಬೆನ್ನ ಹಿಂದಿನ ಸೀಟಿನಿಂದ ಅತ್ತೆ, ಸಾಕು, ಅವಳು ನಡುವೆ ಕೂತು ಇಷ್ಟು ವರ್ಷ ಕೇಳಿಸಿಕೊಂಡಿದ್ದಾಳೆ, ಕಿಟಕಿಯ ಗಾಳಿಗೋ ಶಾಲಿಗೋ ಏನೋ ಎಂದುಕೊಂಡಿದ್ದಾಳೆ. ಸಾಕಾ. ಸಾಕು. ತಲೆ ಸುತ್ತುವುದಂತೆ, ಯಾವ ತಲೆ, ಯಾವ ಸುತ್ತು.

ಅಮ್ಮಾ ಆಯ್ತಾ, ಮಗಳು ಮೇಲಿನಿಂದ ಕೂಗುತ್ತಾಳೆ, ಆಯ್ತು ಬಂದೆ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅವಳು ಎಡಗಡೆಯ ಬಾಗಿಲಿನಿಂದ ಒಳಗೆ ಹೋಗಿ ಮುಂದಿನ ಸೀಟಿನಲ್ಲಿ ಕೂತಳು, ಮೊದಲ ಸಲ, ಬೆನ್ನಿಗೆ ಒರಗು ಎಂದರೆ ಹೀಗಿರುತ್ತದೆಯೇ, ಸೊಂಟ ತನ್ನಷ್ಟಕ್ಕೆ ಉಸಿರು ಬಿಟ್ಟಿತು. ನಾಳೆ ಎರಡನೆಯ ಶೋರೂಮಿನ ಆ ಎತ್ತರದ ಚಿಕ್ಕ ಗಾಡಿ, ಹಿಂದೆ ಇಬ್ಬರೇ ಆದರೆ ಅದು ಧಾರಾಳ ಸಾಕು, ಯಾರನ್ನೂ ಕೇಳುವುದಿಲ್ಲ, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತುಬಿಡುತ್ತಾಳೆ, ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಎಳೆದುಕೊಳ್ಳುತ್ತಾಳೆ, ಅತ್ತೆಯ ಕಾಲು ಎಲ್ಲಿಯವರೆಗೆ ಚಾಚುತ್ತದೋ ಚಾಚಲಿ, ಗಂಡ ಏನಾದರೂ ಅಂದರೆ ರಸ್ತೆ ಕಾಣಲಿ ಅಂತ ಅಂದರಾಯಿತು, ಆದರೆ ಸಾಕಾ ಎಂದು ಮಾತ್ರ ಕೇಳುವುದಿಲ್ಲ, ಆ ಮಾತು ಅವರಿಬ್ಬರದು. ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಅವಳು ಕಾಲು ಮುಂದಿಟ್ಟು ನೋಡಿದಳು, ಅವಳ ಮಂಡಿ ಅಷ್ಟು ಎತ್ತರಕ್ಕೆ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೆ ಆ ಎರಡು ಗುರುತು, ದುಂಡಗೆ, ಬೆಳ್ಳಗೆ, ಎರಡು ಗುರುತು —