ದೇವರ ಮೂಲೆಯ ವೈಫೈ

ಕರೆಂಟ್ ಹೋದದ್ದು ಬೆಳಿಗ್ಗೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ವೈಫೈಯ ಬ್ಯಾಟರಿಯೂ ಸತ್ತಿತು. ಇಡಗುಂದಿಯ ಆ ಕೇರಿಯಲ್ಲಿ ಮೊಬೈಲಿಗೆ ರೇಂಜ್ ಇಲ್ಲ. ಮನೆಯ ವೈಫೈ ಇದ್ದರೆ ಮಾತ್ರ ಕಾಲ್. ದಿನ ತುಂಬುತ್ತ ಬಂದ ಬಸುರಿ ಕಾವ್ಯಶ್ರೀ ಸೊಂಟ ಹಿಡಿದುಕೊಂಡು, ರೇಂಜ್ ಸಿಗುವ ಗುಡ್ಡ ಹತ್ತಿ, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಬಂದಳು. ಬಂದವಳು ಜಗುಲಿಯಲ್ಲಿ ಉಸ್ಸೆಂದು ಕುಳಿತಳು, ಏಳಲೇ ಇಲ್ಲ. ಈ ತಿಂಗಳಲ್ಲಿ ಇದು ಎಷ್ಟನೇ ಸಲವೋ, ಲೆಕ್ಕ ಇಡುವ ತ್ರಾಣವೂ ಅವಳಿಗಿರಲಿಲ್ಲ.

"ಸಾಕಾಗೋಯ್ತು ಶಿಲ್ಪಕ್ಕ," ಎಂದಳು, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಶಿಲ್ಪಾಳಿಗೆ. "ನೋವು ಬಂದ ದಿನ ಗುಡ್ಡ ಹತ್ತೂಕಾಗ್ತದಾ?"

"ನಮ್ಮನೇಲೂ ಇದೇ ಬ್ಯಾಟರಿ. ಇನ್ನೂ ನಡೀತಾ ಅದೆ. ನಿಮ್ಮ ವೈಫೈ ಡಬ್ಬ ಎಲ್ಲಿಟ್ಟೀರಿ?"

ಅತ್ತೆ ದ್ಯಾವಮ್ಮ ದೇವರ ಮೂಲೆ ತೋರಿಸಿದಳು. ಮನೆಗೆ ಬಂದ ಬೆಳಕೆಂದು ಅದಕ್ಕೆ ಕುಂಕುಮ ಹಚ್ಚಿ, ತಾಮ್ರದ ಕೊಡಗಳ ಹಿಂದೆ ಕೂರಿಸಿದ್ದಳು. ಕೊಡ ದಾಟಿ ಬರಲು ಸಿಗ್ನಲ್ ಹೆಣಗುತ್ತಿತ್ತು. ಅದಕ್ಕೆಂದು ಕಾವ್ಯಶ್ರೀಯ ಗಂಡ ಸುನೀಲ ಜಗುಲಿಗೊಂದು, ಕೊಟ್ಟಿಗೆಗೊಂದು ಬೂಸ್ಟರ್ ತಂದು ಹಾಕಿದ್ದ. ಮೂರಕ್ಕೂ ಒಂದೇ ಬ್ಯಾಟರಿ. ಕೊಟ್ಟಿಗೆಯ ಎಮ್ಮೆಗೆ ಯಾವ ಇಂಟರ್‌ನೆಟ್ ಬೇಕಿತ್ತೋ, ಅದನ್ನು ಸುನೀಲನೇ ಹೇಳಬೇಕು.

"ದೊಡ್ಡಮ್ಮ, ಡಬ್ಬ ನಡು ಕೋಣೇಲಿ ಎತ್ತರಕ್ಕಿಡ್ವ. ಬೂಸ್ಟರ್ ಎರಡೂ ಬಂದ್ ಮಾಡ್ವ."

"ಬಸುರಿ ಇದ್ದ ಮನೇಲಿ ಉರಿಯೂ ಹಸಿರು ದೀಪ ನಂದಿಸೂದಾ? ಆಮೇಲೆ ಕಾಲ್ ಹೋಗದಿದ್ರೆ ಎಂತ ಮಾಡೂದು?"

ಶಿಲ್ಪಾ ನಗಲಿಲ್ಲ. "ದೇವರ ದೀಪಕ್ಕೆ ನೀವು ನಂದಿಸೂದು ಹೇಳ್ತೀರಾ? ಶಾಂತ ಮಾಡೂದು ಹೇಳ್ತೀರಿ. ಇದೂ ಹಾಂಗೇ. ಕೆಲಸ ಇಲ್ಲದ್ದು ಶಾಂತವಾಗಲಿ, ಕಾಲ್ ಹೋಗೂ ಡಬ್ಬ ಉರೀಲಿ. ಮಾತು ಸರಿ ಕೇಳದಿದ್ರೆ ತಿರುಗಿ ಹಾಕಿದ್ರಾಯ್ತು."

ದ್ಯಾವಮ್ಮ ಸೊಸೆಯ ಊದಿದ ಪಾದ ನೋಡಿದಳು. ಒಳಗೊಳಗೇ ಹೆದರಿಕೆಯಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಕೊಡ ಸರಿಸಿದಳು.

ಸಂಜೆ ಕರೆಂಟ್ ಬಂದ ಮೇಲೆ ಶಿಲ್ಪಾ ಡಬ್ಬವನ್ನು ನಡು ಕೋಣೆಯಲ್ಲಿ ಎತ್ತರಕ್ಕಿಟ್ಟು, ಬೂಸ್ಟರ್ ಎರಡೂ ತೆಗೆದಳು. ಕಾವ್ಯಶ್ರೀ ಮಲಗುವಲ್ಲಿಂದ, ಅಡುಗೆಮನೆಯಿಂದ, ಬಚ್ಚಲಿನಿಂದ ಕಾಲ್ ಮಾಡಿ ನೋಡಿದಳು. ಎಲ್ಲಿಯೂ ಮಾತು ತುಂಡಾಗಲಿಲ್ಲ. ಕೊಟ್ಟಿಗೆಯಲ್ಲಿ ಮಾತ್ರ ಸಿಗ್ನಲ್ ಸಿಗಲಿಲ್ಲ.

"ಎಮ್ಮೆ ಬೇಜಾರು ಮಾಡ್ಕಳ್ತದೆ," ಎಂದಳು ದ್ಯಾವಮ್ಮ. ಅಷ್ಟು ದಣಿವಿನಲ್ಲೂ ಕಾವ್ಯಶ್ರೀಗೆ ನಗು ಬಂತು.

ಕೆಲವು ದಿನಗಳಲ್ಲಿ ಕರೆಂಟಿನ ತಂತಿಯ ಮೇಲೆ ಮರ ಬಿತ್ತು. ಬೆಳಿಗ್ಗೆ ಹೋದ ಕರೆಂಟ್ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಾವ್ಯಶ್ರೀಗೆ ನೋವು ಶುರುವಾಯಿತು. ಅವಳು ಗುಡ್ಡದ ಕಡೆ ನೋಡಿ ಕಣ್ಣು ಮುಚ್ಚಿದಳು. ಇನ್ನು ಒಂದು ಹೆಜ್ಜೆಯೂ ಆಗದು. ದ್ಯಾವಮ್ಮ ನಡು ಕೋಣೆಗೆ ಓಡಿದಳು.

"ಹಸಿರು ಉರೀತದೆ ಮಗಾ. ಕೂತಲ್ಲಿಂದ್ಲೇ ಮಾಡು."

ಆಶಾ ಕಾರ್ಯಕರ್ತೆಗೆ ಕಾಲ್ ಹೋಯಿತು. ಯಲ್ಲಾಪುರದಿಂದ ಗಾಡಿ ಬಂತು. ಮಗು ಹುಟ್ಟಿದ್ದು ಆಸ್ಪತ್ರೆಯಲ್ಲಿ, ಗುಡ್ಡದ ದಾರಿಯಲ್ಲಲ್ಲ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ವೈಫೈ ಎಲ್ಲಿದೆ, ಇವತ್ತೇ ಎದ್ದು ನೋಡಿ. ಪಾತ್ರೆಯ ಹಿಂದೆ, ಕಪಾಟಿನೊಳಗೆ ಇದ್ದರೆ ಈಚೆ ತಂದು ಮನೆಯ ನಡುವೆ ಎತ್ತರಕ್ಕಿಡಿ. ಬೇಡದ ಬೂಸ್ಟರ್ ಶಾಂತ ಮಾಡಿ. ಆಮೇಲೆ ಪ್ರತಿ ಕೋಣೆಯಿಂದ ಒಮ್ಮೆ ಕಾಲ್ ಮಾಡಿ ನೋಡುವುದನ್ನು ಮಾತ್ರ ಮರೆಯಬೇಡಿ. ಉಳಿದ ಬ್ಯಾಟರಿ ಕಷ್ಟದ ಹೊತ್ತಿಗಿರಲಿ. ಗುಡ್ಡ ಹತ್ತಿ ದಣಿದದ್ದು ಸಾಕು.