ಬೆವರದ ಐಸು

ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಲಸಿಕೆಯ ಪೆಟ್ಟಿಗೆಗೆ ತುಂಬಬಾರದು. ಅದು ಮೇಜಿನ ಮೇಲೆ ಬೆವರಿ, ಅಲುಗಿಸಿದರೆ ಒಳಗೆ ನೀರು ಕುಲುಕುವವರೆಗೆ ಕಾಯಬೇಕು. ಇಲ್ಲದಿದ್ದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಸತ್ವ ಕಳೆದುಕೊಳ್ಳುತ್ತವೆ. ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದ ಕಿರಿಯ ನರ್ಸ್‌ಗೆ ಇದೆಲ್ಲ ಬಾಯಿಪಾಠ. ಆದರೆ ಇಂದು ಬೆಳಗ್ಗೆ ಕಾದಳೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅತ್ತಿಗೆ ಬರುತ್ತಾಳೆಂಬ ಸಡಗರದಲ್ಲಿ ಕೈ ಪೆಟ್ಟಿಗೆ ತುಂಬಿತ್ತು, ಮನಸ್ಸು ಬಾಗಿಲು ಕಾಯುತ್ತಿತ್ತು.

ಅತ್ತಿಗೆ ಬಂದೇಬಿಟ್ಟಳು, ಹೆಗಲ ಮೇಲೆ ಮೂರು ತಿಂಗಳ ಕೂಸು. ದೊಡ್ಡ ಮಗಳಿಗೆ ಸೂಜಿ ಚುಚ್ಚಿಸಿ ಎರಡು ದಿನ ಜ್ವರ ಬಂದಾಗಿನಿಂದ ಲಸಿಕೆಯೆಂದರೆ ಉರಿದುಬೀಳುತ್ತಿದ್ದವಳು. ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಗಂಟಲಮಾರಿ ತಗುಲಿದ ಮೇಲೆ, ನಾದಿನಿ ಬೆನ್ನುಬಿಡದ ಬೇತಾಳನಂತೆ ಹದಿನೈದು ದಿನ ಕಾಡಿ ಒಪ್ಪಿಸಿದ್ದಳು.

"ಬೇಗ ಚುಚ್ಚಿಬಿಡಮ್ಮ, ನನ್ನ ಮನಸ್ಸು ಬದಲಾಗೋಕ್ ಮುಂಚೆ."

ಕಿರಿಯ ನರ್ಸ್ ಲಸಿಕೆಯ ಸೀಸೆಯನ್ನು ಕುಲುಕಿ ಬೆಳಕಿಗೆ ಹಿಡಿದಳು. ಹೆಪ್ಪುಗಟ್ಟಿ ಕೆಟ್ಟಿದ್ದರೆ ಬಿಳಿ ಮಡ್ಡಿ ಬೇಗ ತಳಕ್ಕಿಳಿಯುತ್ತದೆ. ಇಳಿಯಿತೇ? ಇಳಿದಂತಿತ್ತು. ಮತ್ತೆ ಕುಲುಕಿದಳು. ಈಗ ಇಳಿದಂತೆ ಕಾಣಲಿಲ್ಲ. ಚುಚ್ಚಿದರೆ ಕೂಸಿಗೆ ನೋವಷ್ಟೇ ದಕ್ಕೀತು, ರಕ್ಷಣೆ ಅಲ್ಲ. ವಾಪಸು ಕಳಿಸಿದರೆ ಅತ್ತಿಗೆ ಇನ್ನು ಈ ಕಡೆ ತಲೆಹಾಕಿಯೂ ಮಲಗಳು.

"ಏನೇ ಪಿಸುಮಾತು, ಸೀಸೆ ಕಿವೀಲಿ ಗುಟ್ಟು ಹೇಳ್ತಿದೀಯಾ?" ಹಿರಿಯ ನರ್ಸ್ ಕೇಳಿದಳು. ಮೆಲುದನಿಯ ಅವಳಿಗೆ 'ಪಿಸುಮಾತು' ಎಂದು ಹೆಸರಿಟ್ಟವಳು ಆಕೆಯೇ.

"ಅಕ್ಕಾ, ಐಸ್ ಬೆವರಿತ್ತೋ ಇಲ್ವೋ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಕ್ಕಾ!"

ಇಡೀ ಕೋಣೆಗೆ ಕೇಳಿಸಿತು. ಹಿರಿಯ ನರ್ಸ್ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬೇರೆಯದಕ್ಕೆ ಫೋನ್ ಮಾಡಿದಳು. ಒಂದು ಗಂಟೆ ಆಗುತ್ತದಂತೆ. ಇಬ್ಬರು ತಾಯಂದಿರು ಗೊಣಗುತ್ತ ಎದ್ದು ಹೋದರು.

"ಲಸಿಕೆ ಒಳ್ಳೇದು ಅಂತ ಹದಿನೈದು ದಿನ ತಲೆ ತಿಂದೆ," ಅತ್ತಿಗೆ ಅಂದಳು. "ಈಗ ಕೆಟ್ಟಿರಬಹುದು ಅಂತೀಯ. ಯಾವ ಮಾತು ನಂಬ್ಲಿ?"

"ಎರಡನ್ನೂ, ಅತ್ತಿಗೆ."

ಹೇಳಿದ್ದಕ್ಕೆ ಅರ್ಥವಿದೆಯೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ.

ಅತ್ತಿಗೆ ಬಾಗಿಲವರೆಗೂ ಹೋದಳು. ನಿಂತಳು. ತಿರುಗಿ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂತಳು.

"ಬರ್ಲಿ ಇನ್ನೊಂದು ಪೆಟ್ಟಿಗೆ. ಆದ್ರೆ ನೀನು ಮಾತ್ರ ಅದನ್ನ ಮುಟ್ಟಬೇಡ."

ಇದು ಬೈಗುಳವೋ ನಂಬಿಕೆಯೋ ತಿಳಿಯದೆ ಅವಳು ಕೂಸಿಗಾಗಿ ಕೈ ಚಾಚಿದಳು. ಅತ್ತಿಗೆ ಅವಳ ಮುಖ ನೋಡಿ, ಕೂಸನ್ನು ಕೊಟ್ಟಳು.