ಗೂಟಕ್ಕೆ ತೂಗಿದ ಹ್ಯಾಂಡಲ್

೧೯೫೫ನೆಯ ಇಸವಿ ಮಾರ್ಚ್ ಹದಿನಾಲ್ಕು, ಸೋಮವಾರ. ಆ ಬೆಳಿಗ್ಗೆ ಷಣ್ಮುಖಪ್ಪ ತನ್ನ ಹಳೆಯ ಪಿಕಪ್ಪಿನ ಮೈಲಿ ಲೆಕ್ಕವನ್ನು ಕೊನೆಯ ಸಲ ಓದಿಕೊಂಡ: ಎಂಬತ್ತೊಂದು ಸಾವಿರದ ಮುನ್ನೂರ ನಲವತ್ತಾರು. ಅದರಲ್ಲಿ ಮೊದಲ ಹನ್ನೊಂದು ಸಾವಿರ ದಂಡಿನವರು ಓಡಿಸಿದ್ದು. ಉಳಿದದ್ದೆಲ್ಲ ಅವನದೇ ಕೈಯಲ್ಲಿ ಓಡಿದ್ದು.

ಯುದ್ಧ ಮುಗಿದು ಮಿಲಿಟರಿ ಗಾಡಿಗಳು ಹರಾಜಿಗೆ ಬಂದಾಗ ಅವನೂ ತಮ್ಮ ಕಂಠಪ್ಪನೂ ಸೇರಿ ಅದನ್ನು ಕೊಂಡಿದ್ದರು. ಹಳ್ಳಿಗಳಿಂದ ಹೊಗೆಸೊಪ್ಪಿನ ಹೊರೆಗಳನ್ನು ಹುಣಸೂರಿನ ಮಂಡಿಗೆ ಸಾಗಿಸುವುದು ಅಣ್ಣತಮ್ಮಂದಿರ ಕಸುಬು. ಅದರ ಗುಟುರು ಕೇಳಿದ ಜನ ಗಾಡಿಗೆ ಗೂಳಿ ಎಂದೇ ಹೆಸರಿಟ್ಟರು. ಪಿರಿಯಾಪಟ್ಟಣದ ದಾರಿಯ ಏರಿನಲ್ಲಿ ಅದು ಕುದಿದು ನಿಂತುಬಿಡುತ್ತಿತ್ತು. ಅಲ್ಲಿ ಸೌತೆಕಾಯಿ ಮಾರುವ ಸಾಕಮ್ಮ ಅದಕ್ಕೆಂದೇ ಒಂದು ಕೊಡ ನೀರು ತೆಗೆದಿಡುತ್ತಿದ್ದಳು.

"ಕುಡೀಲಿ ಬುಡಿ ಪಾಪ. ನಿಮ್ಮಂಗೇ ಅದ್ಕೂ ಏದುಸಿರು" ಎಂದು ಚುಚ್ಚುತ್ತಿದ್ದಳು.

ಗೂಳಿಯ ಸೆಲ್ಫ್ ಸ್ಟಾರ್ಟರು ಕೆಟ್ಟು ಎರಡು ವರ್ಷವಾಗಿತ್ತು. ಮೂತಿಯ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ಶಿವಾ ಎಂದು ಮೈಯೆಲ್ಲ ಬಗ್ಗಿಸಿ ತಿರುವಿದರೆ ಮಾತ್ರ ಎಂಜಿನ್ನು ಏಳುತ್ತಿತ್ತು. ಹೊಸ ಗಾಡಿ ತರೋಣವೆಂದು ಕಂಠಪ್ಪ ವರ್ಷದಿಂದ ಪೀಡಿಸುತ್ತಿದ್ದ. ಷಣ್ಮುಖಪ್ಪ ಕೊನೆಗೆ ಒಪ್ಪಿದ, ಒಂದೇ ಒಂದು ಷರತ್ತಿನ ಮೇಲೆ.

"ಗುಜರಿಯೋನಿಗೆ ಕೊಡಕೂಡದು ಕಣ್ಲಾ. ದುಡಿಸ್ಕಳೋ ಮನೆಗೇ ಹೋಗ್ಬೇಕು. ನಮ್ಮಪ್ಪ ಎಂಥಾ ಮುದಿ ಎತ್ತನ್ನೂ ಕಟುಕನಿಗೆ ಹೊಡೀಲಿಲ್ಲ."

"ಇದೇನು ಎತ್ತಾ ಅಣ್ಣಯ್ಯ? ಮೇವು ತಿಂದದಾ?"

"ಪೆಟ್ರೋಲು ಕುಡಿಯಾಕಿಲ್ವಾ?"

ಕಂಠಪ್ಪ ನಕ್ಕ. ನಕ್ಕು, ಎದೆಯ ಮೇಲಿನ ಲಿಂಗವನ್ನು ಮುಟ್ಟಿ ಮಾತು ಕೊಟ್ಟ. ವಾರ ಕಳೆಯುವುದರೊಳಗೆ ಗಿರಾಕಿ ಗೊತ್ತಾದನೆಂದ: ಹೆಗ್ಗಡದೇವನಕೋಟೆಯ ತಿಮ್ಮಯ್ಯ, ಬಾಳೆಗೊನೆ ಸಾಗಿಸುವವನು.

ಅವರ ಮನೆಯಲ್ಲಿ ಎತ್ತು ಮಾರಿದರೆ ಹಗ್ಗ ಕೊಡುವ ಪದ್ಧತಿಯಿರಲಿಲ್ಲ. ಹಗ್ಗದೊಡನೆ ಕೊಟ್ಟಿಗೆಯ ಭಾಗ್ಯವೂ ಹೊರಟುಹೋಗುತ್ತದೆಂಬ ನಂಬಿಕೆ. ಕೊಳ್ಳುವವನು ಹೊಸ ಹಗ್ಗ ತಂದು ಕಟ್ಟಿಕೊಳ್ಳಬೇಕು. ಹಳೆಯದು ಕೊಟ್ಟಿಗೆಯ ಗೂಟಕ್ಕೆ. ಇನ್ನೊಂದು ಕಟ್ಟುಪಾಡೂ ಇತ್ತು: ಸಾಕಿದವನು ಎತ್ತು ಹೋಗುವುದನ್ನು ನಿಂತು ನೋಡಬಾರದು. ಆದ್ದರಿಂದ ಆ ಸೋಮವಾರ ಷಣ್ಮುಖಪ್ಪ ಗೂಳಿಯ ಬಾನೆಟ್ಟನ್ನು ಒಮ್ಮೆ ಸವರಿ, ಬಸ್ಸು ಹಿಡಿದು ಹೊಸ ಅಗ್ರಹಾರದ ತಂಗಿಯ ಮನೆಗೆ ಹೋದ.

ಸಂಜೆ ಮರಳಿದಾಗ, ಅಂಗಳದಲ್ಲಿ ಗೂಳಿ ಸುರಿಸಿದ್ದ ಎಣ್ಣೆಯ ಕಲೆಯ ಮೇಲೆಯೇ ನೀಲಿ ಬಣ್ಣದ ಹೊಸ ಪಿಕಪ್ಪು ಹಾರ ಹಾಕಿಕೊಂಡು ನಿಂತಿತ್ತು. ಕಂಠಪ್ಪ ಹೆಗಲ ವಸ್ತ್ರದಲ್ಲಿ ಸುತ್ತಿದ್ದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಅಣ್ಣನಿಗೆ ಕೊಟ್ಟ.

"ಹಗ್ಗ ಕೊಟ್ಟಿಲ್ಲ ಕಣಣ್ಣಯ್ಯ. ನೀನು ಹೇಳದಿದ್ರೂ ನಾನೇ ತೆಗೆದಿಟ್ಕಂಡೆ."

ಷಣ್ಮುಖಪ್ಪ ಹ್ಯಾಂಡಲನ್ನು ಕಣ್ಣಿಗೊತ್ತಿಕೊಂಡ. ತಮ್ಮ ತನ್ನನ್ನು ಇಷ್ಟು ಬಲ್ಲನೆಂದು ಅವನು ಎಣಿಸಿರಲಿಲ್ಲ. ಕೊಟ್ಟಿಗೆಗೆ ಹೋಗಿ, ಅಪ್ಪನ ಕಾಲದ ಹಗ್ಗಗಳ ಪಕ್ಕದಲ್ಲಿ ಹ್ಯಾಂಡಲನ್ನು ತೂಗುಹಾಕಿ ಬಂದ. ಮನಸ್ಸು ಹಗುರಾಗಿತ್ತು. ಹೊಸ ಗಾಡಿಯ ಹಣೆಗೆ ತಾನೇ ಮೂರು ಬೆರಳಿನಲ್ಲಿ ವಿಭೂತಿ ಎಳೆದ. ಹೆಂಡತಿ ಪುಟ್ಟಮಲ್ಲಮ್ಮ ಆರತಿ ಎತ್ತಿದಳು. ಹೊರೆ ಹೊರುವ ಸಿದ್ದಯ್ಯ ಈಡುಗಾಯಿ ಒಡೆದ.

"ಅಣ್ಣಯ್ಯ, ಮೊದ್ಲು ನೀನೇ ಎಬ್ಬಿಸ್ಬೇಕು. ಕೀ ತಿರುಗ್ಸಿ ಗುಂಡಿ ಒತ್ತು, ಸಾಕು. ಇದಕ್ಕೆ ಹ್ಯಾಂಡ್ಲು ಗೀಂಡ್ಲು ಬ್ಯಾಡ."

ಷಣ್ಮುಖಪ್ಪ ಒತ್ತಿದ. ಎಂಜಿನ್ನು ಒಂದೇ ಸಲಕ್ಕೆ, ಬೆಕ್ಕಿನಂತೆ ಮೆಲ್ಲಗೆ ಎದ್ದಿತು. ಎಲ್ಲರೂ ಶಹಬಾಸ್ ಅಂದರು. ಅವನು ಮಾತ್ರ ಕೈಯನ್ನು ಗುಂಡಿಯ ಮೇಲೆಯೇ ಇಟ್ಟು ಕುಳಿತುಬಿಟ್ಟ. ಇದಕ್ಕೆ ಹ್ಯಾಂಡಲ್ ಬೇಡ, ಸರಿ. ಅದಕ್ಕೆ ಬೇಕಿತ್ತಲ್ಲ?

ಎಂಜಿನ್ನು ಆರಿಸಿ ಕೆಳಗಿಳಿದ.

"ಕಂಠ, ಕೊಂಡು ಸಾಕೋನು ಹೊಸ ಹಗ್ಗ ತತ್ತಾನೆ. ತಿಮ್ಮಯ್ಯ ಹೊಸ ಹ್ಯಾಂಡ್ಲು ತಂದಿದ್ನಾ?"

ಕಂಠಪ್ಪ ಹಾರವನ್ನು ಸರಿಪಡಿಸತೊಡಗಿದ. "ಅದೂ... ಇಲ್ಲ. ತಳ್ಳಿ ಎಬ್ಬಿಸ್ದೋ."

"ಕೋಟೆ ದಾರೀಲಿ ಕಾಡ ನಡುವೆ ನಿಂತ್ರೆ ಆನೆ ಬಂದು ತಳ್ತದಾ?"

ಸಿದ್ದಯ್ಯ ನಗಲು ಬಾಯಿ ತೆರೆದವನು ಮುಚ್ಚಿಕೊಂಡ. ಷಣ್ಮುಖಪ್ಪ ಅವನ ಕಡೆ ತಿರುಗಿದ. "ನೀನು ಹೇಳ್ಲಾ ಸಿದ್ದ. ಯಾರು ಓಡಿಸ್ಕಂಡು ಹೋದ್ರು?"

"ಓಡಿಸ್ಲಿಲ್ಲ ಬುದ್ಧಿ" ಎಂದ ಸಿದ್ದಯ್ಯ, ನೆಲ ನೋಡುತ್ತಾ. "ಸರಪಣಿ ಬಿಗಿದು ಎಳ್ಕಂಡೋದ್ರು. ಮೈಸೂರಿನ ಲಾರಿ. ಗುಜರಿಯೋರದು."

ಪುಟ್ಟಮಲ್ಲಮ್ಮ ಆರತಿ ತಟ್ಟೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. ಅಂಗಳದಲ್ಲಿದ್ದವರೆಲ್ಲರೂ ನೋಡಿದ್ದರು. ನೋಡದವನು ಅವನೊಬ್ಬನೇ, ನೋಡಬಾರದೆಂಬ ಪದ್ಧತಿಗೆ ತಲೆಬಾಗಿ ತಾನಾಗಿಯೇ ಊರು ಬಿಟ್ಟು ಹೋಗಿದ್ದವನು.

"ಯಾರೂ ಕೇಳೋರೇ ಇರ್ಲಿಲ್ಲ ಅಣ್ಣಯ್ಯ" ಎಂದ ಕಂಠಪ್ಪ. "ಎಷ್ಟು ಜನಕ್ಕೆ ತೋರಿಸ್ದೆ ಗೊತ್ತಾ? ನಿನ್ನ ಮನಸ್ಸು ನೋಯ್ಬಾರ್ದು ಅಂತ ತಿಮ್ಮಯ್ಯನ ಹೆಸ್ರು ಕಟ್ಟಿದೆ. ಅದಕ್ಕೇ ಹಗ್ಗಾನೂ ಇಸ್ಕಂಡೆ."

"ಇಸ್ಕಳೋದೇನು ಬಂತು? ಕಟುಕ ಹಗ್ಗ ಕೇಳಾಕಿಲ್ಲ ಕಣೋ."

ಅಷ್ಟೇ ಅಂದು ಷಣ್ಮುಖಪ್ಪ ಕೊಟ್ಟಿಗೆಗೆ ನಡೆದ. ಆ ಗೂಟ ಬೇರೆಯವರ ಹೊಲ ಉಳಲು ಹೋದ ಎತ್ತುಗಳದು. ಹ್ಯಾಂಡಲನ್ನು ಕೆಳಗಿಳಿಸಿದ. ಗುಜರಿಗೆ ಮಾರಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಆ ಎರಡು ಕೈಗಳು, ಆ ವಸ್ತ್ರ, ಮತ್ತು ಅದನ್ನು ನಂಬಿ ತಾನು ಹ್ಯಾಂಡಲನ್ನು ಕಣ್ಣಿಗೊತ್ತಿಕೊಂಡದ್ದು.

ಮರುದಿನ ಪಿರಿಯಾಪಟ್ಟಣದ ಮಂಡಿಯಲ್ಲಿ ಹೊರೆ ತೂಗಿಸುವುದಿತ್ತು. ಕೆಲಸ ಕೆಲಸವೇ. ಹೊಸ ಗಾಡಿಯನ್ನು ಕಂಠಪ್ಪ ಓಡಿಸಿದ. ಷಣ್ಮುಖಪ್ಪ ಪಕ್ಕದಲ್ಲಿ, ತೊಡೆಯ ಮೇಲೆ ಹ್ಯಾಂಡಲ್ ಇಟ್ಟುಕೊಂಡು ಕುಳಿತ. ಏರಿನಲ್ಲಿ ಸಾಕಮ್ಮ ದೂರದಿಂದಲೇ ಷಣ್ಮುಖಪ್ಪನ ಮುಖ ಗುರುತಿಸಿ ಕೊಡ ಎತ್ತಿಕೊಂಡು ರಸ್ತೆಗೆ ಬಂದಳು. ನೀಲಿ ಗಾಡಿ ನಿಲ್ಲಲಿಲ್ಲ. ಅವಳು ಕೊಡ ಹೊತ್ತು ಧೂಳಿನಲ್ಲಿ ನಿಂತೇ ಇದ್ದಳು.

ಮಂಡಿಯ ಮುಂದೆ ಇಳಿದ ಷಣ್ಮುಖಪ್ಪ, ಜೇಬಿನಿಂದ ಏಳಾಣೆ ಎಣಿಸಿ ಸೀಟಿನ ಮೇಲಿಟ್ಟ.

"ಇದೇನಣ್ಣಯ್ಯ?"

"ಚಾರ್ಜು. ಬಸ್ಸಿನೋನಿಗೆ ಕೊಡೋದೇ ನಿಂಗೂ."

"ನಮ್ಮ ಗಾಡೀಗೆ ನೀನು ಚಾರ್ಜು ಕೊಡಾದಾ?"

"ನಮ್ಮ ಗಾಡಿ ಸರಪಣೀಲಿ ಓಯ್ತು. ಇದು ನಿಂದು. ಎಣಿಸ್ಕೋ, ನನ್ನ ಬಾಕಿ ತೀರ್ತು."

ಕಂಠಪ್ಪ ದುಡ್ಡು ಮುಟ್ಟಲಿಲ್ಲ. "ಮತ್ತೆ ನನ್ನ ಬಾಕಿ?" ಎಂದ, ಚಿಕ್ಕ ದನಿಯಲ್ಲಿ.

ಷಣ್ಮುಖಪ್ಪ ಹ್ಯಾಂಡಲನ್ನು ಕಂಕುಳಿಗೆ ಸೇರಿಸಿಕೊಂಡ.

"ನಿಂದು ಅಂಗೇ ಇರ್ಲಿ" ಎಂದು ಮಂಡಿಯ ಮೆಟ್ಟಿಲು ಹತ್ತಿದ.